ಹತ್ತಿದ ಮೊಸಳೆ ಇಳಿಯುವುದು ಹೇಗೆ?

"ತಂಗೀ, ಹತ್ತಿದ್ದೇನೋ ಸೈ. ಇಳಿಯೂದು ಹ್ಯಾಂಗೆ?"

ಕಳೆದ ಮಂಗಳವಾರ ಬೆಳಗಿನ ಚಹಾಕ್ಕೆಂದು ತೋಟದಿಂದ ಮೇಲೆ ಬಂದ, ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು, ಜಗಲಿಯ ಮೇಲೆ ಒಣಗಲು ಬಿಟ್ಟಿದ್ದ ನನ್ನ ಚಿತ್ರದ ಮುಂದೆ ಲೋಟ ಹಿಡಿದುಕೊಂಡೇ ಬಹಳ ಹೊತ್ತು ನಿಂತು ಕೇಳಿದ ಪ್ರಶ್ನೆ ಇದು. ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಉತ್ತರಕ್ಕಾಗಿ ಕಾಯಲಿಲ್ಲ. ಚಹಾ ಮುಗಿಸಿ, ಮರ ಹತ್ತುವಾಗ ಕಾಲಿಗೆ ತೊಡುವ ತಳೆಯನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟುಹೋದರು. ಆ ಮಾತು ಮಾತ್ರ ಜಗಲಿಯಲ್ಲೇ ಉಳಿಯಿತು. ಐದು ವಾರ ಕೂತು ಮಾಡಿದ ಚಿತ್ರವನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಗುರುವಾರ ಹೊಸ ಹಾಳೆಯನ್ನು ಹಲಗೆಗೆ ಬಿಗಿದೆ.

ಚಿತ್ರದಲ್ಲಿದ್ದದ್ದು ಮೆಕೊಸುಕಸ್ ಇನೆಕ್ಸ್‌ಪೆಕ್ಟೇಟಸ್ ಎಂಬ ಮೊಸಳೆ. ಆಸ್ಟ್ರೇಲಿಯಾದ ಪೂರ್ವಕ್ಕೆ ಶಾಂತಸಾಗರದಲ್ಲಿರುವ, ಇಂದು ಫ್ರಾನ್ಸಿಗೆ ಸೇರಿದ ನ್ಯೂ ಕ್ಯಾಲಡೋನಿಯಾ ದ್ವೀಪಗಳಲ್ಲಿ ಅದು ಬಾಳಿತ್ತು, ಅಲ್ಲಿಯೇ ಅಳಿಯಿತು. 1987ರಲ್ಲಿ ಬಾಲುಯೆ ಮತ್ತು ಬ್ಯುಫೆಟೋ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು; ಇನೆಕ್ಸ್‌ಪೆಕ್ಟೇಟಸ್ ಎಂದರೆ ಯಾರೂ ನಿರೀಕ್ಷಿಸದೇ ಇದ್ದದ್ದು. ಸುಮಾರು ಎರಡು ಮೀಟರ್ ಉದ್ದದ ದೇಹ, ನಮ್ಮ ಮೊಸಳೆಗಳಂತೆ ಚಪ್ಪಟೆಯಾಗಿ ಮುಂದಕ್ಕೆ ಚಾಚಿಕೊಳ್ಳದ, ಗಿಡ್ಡವಾದ, ಎತ್ತರವಾದ ಮೂತಿ, ದವಡೆಯ ಹಿಂಭಾಗದಲ್ಲಿ ಸೀಳುವುದಕ್ಕಿಂತ ಜಜ್ಜುವುದಕ್ಕೆ ಒಗ್ಗುವ ಮೊಂಡು ಹಲ್ಲುಗಳು. ನೀರಿನಲ್ಲಿ ಹೊಂಚುಹಾಕುವುದಕ್ಕಿಂತ ನೆಲದ ಮೇಲೆ ಅಡ್ಡಾಡುವುದೇ ಅದರ ಬದುಕಾಗಿತ್ತು ಎಂದು ಆ ಎಲುಬುಗಳನ್ನು ಓದಿದವರು ಹೇಳುತ್ತಾರೆ. ಮರವನ್ನೂ ಹತ್ತುತ್ತಿದ್ದಿರಬಹುದು ಎಂದು ಕೆಲವರು ಸೇರಿಸುತ್ತಾರೆ.

ಮಕ್ಕಳಿಗಾಗಿ ವಿಜ್ಞಾನದ ಚಿತ್ರಪುಸ್ತಕ ತರುತ್ತಿರುವ ಪ್ರಕಾಶಕರೊಬ್ಬರು ನನಗೆ ಈ ಕೆಲಸ ಕೊಟ್ಟದ್ದು ಆ ಕಡೆಯ ಮಾತಿಗಾಗಿಯೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮರ್ಗನ್ ಎಂಬ ಊರಿನಲ್ಲಿ ಸಿಕ್ಕಿದ, ಸುಮಾರು 5.5 ಕೋಟಿ ವರ್ಷ ಹಳೆಯ ಮೊಸಳೆ ಮೊಟ್ಟೆಯ ಚಿಪ್ಪುಗಳ ಬಗ್ಗೆ 2025ರಲ್ಲಿ ಅಧ್ಯಯನವೊಂದು ಪ್ರಕಟವಾದಾಗ, ಇದೇ ವಂಶದ ಕೆಲವು ಮೊಸಳೆಗಳು ಚಿರತೆಯಂತೆ ಮರದ ಮೇಲಿಂದ ಬೇಟೆಯ ಮೈಮೇಲೆ ಬೀಳುತ್ತಿದ್ದವೇನೋ ಎಂಬ ಊಹೆ ಪತ್ರಿಕೆಗಳ ತಲೆಬರಹವಾಗಿತ್ತು. ಮೊಟ್ಟೆಯ ಚಿಪ್ಪು ಹಿಂದಕ್ಕೆ ಸರಿದು ಮರವೇ ಮುಂದೆ ಬಂದಿತ್ತು. ನಾನು ಕಳುಹಿಸಿದ ಮೊದಲ ಕರಡಿನಲ್ಲಿ ಪ್ರಾಣಿ ನೆಲದ ಮೇಲಿತ್ತು. ಅದನ್ನು ನೋಡಿದ ಸಂಪಾದಕರು ಫೋನಿನಲ್ಲಿ, "ಮರದ ಮೇಲಿಲ್ಲದಿದ್ದರೆ ಅದು ಬರೀ ಮೊಸಳೆ, ಮೇಡಂ" ಎಂದರು. ಅವರು ಕೆಟ್ಟವರಲ್ಲ, ಸರಿಯಾದ ಹೊತ್ತಿಗೆ ಹಣ ಕೊಡುವ, ಚಿತ್ರಗಾರರ ಹೆಸರನ್ನು ಮುಖಪುಟದಲ್ಲಿ ಹಾಕುವ ಅಪರೂಪದ ಮನುಷ್ಯ. ಆದರೆ 'ಬರೀ ಮೊಸಳೆ' ಎಂಬ ಮಾತು ನನಗೆ ಅಂದೇ ಸೇರಲಿಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳನ್ನು ನೋಡುತ್ತ, ಅವುಗಳ ಬೆನ್ನಿನ ಹುರುಪೆಗಳನ್ನೂ ಬೆರಳುಗಳ ನಡುವಿನ ತೊಗಲನ್ನೂ ಬಿಡಿಸುತ್ತ ಎಷ್ಟೋ ಬೆಳಗುಗಳನ್ನು ಕಳೆದವಳು ನಾನು. ಬರೀ ಮೊಸಳೆ ಎಂಬುದನ್ನು ನಾನೆಂದೂ ಕಂಡಿಲ್ಲ. ಹಾಗಿದ್ದರೂ ಒಪ್ಪಿಕೊಂಡೆ, ಮರದ ಮೇಲೆಯೇ ಕೂರಿಸಿದೆ.

ಮರವನ್ನು ಆರಿಸಿಕೊಂಡಾಗ ನನಗಾದ ಸಂತೋಷವೇ ಮುಂದಿನ ತಪ್ಪಿಗೂ ಕಾರಣವಾಯಿತು. ನ್ಯೂ ಕ್ಯಾಲಡೋನಿಯಾದ ದಕ್ಷಿಣದ ತುದಿಯಾಚೆ ಪೈನ್ ದ್ವೀಪವಿದೆ. 1774ರಲ್ಲಿ ಕ್ಯಾಪ್ಟನ್ ಕುಕ್ ಹಡಗಿನಿಂದ ಕಂಡ, ಕಂಬಗಳಂತೆ ಸಾಲಾಗಿ ನಿಂತ ಮರಗಳಿಂದಲೇ ಅದಕ್ಕೆ ಆ ಹೆಸರು ಬಂದದ್ದು. ಅದೇ ಅರೊಕೇರಿಯಾವನ್ನು, ಅಂದರೆ ಕುಕ್ ಪೈನನ್ನು, ನಮ್ಮಲ್ಲಿ ಕ್ರಿಸ್‌ಮಸ್ ಮರವೆಂದು ಕರೆದು ಉದ್ಯಾನಗಳಲ್ಲಿ ನೆಡುತ್ತಾರೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿಯೂ ಅದಿದೆ. ಅಷ್ಟು ದೂರದ ದ್ವೀಪಕ್ಕೆ ಹೋಗಲಾರದ ನನಗೆ ಆ ಕಾಡಿನ ಒಂದು ಮರವಾದರೂ ಮುಟ್ಟಲು ಸಿಕ್ಕಿತೆಂದು, ಎರಡು ದಿನ ಲಾಲ್‌ಬಾಗ್‌ನಲ್ಲಿ ಕೂತು ಅದರ ತೊಗಟೆ, ಹಗ್ಗ ಹೊಸೆದಂತಿರುವ ರೆಂಬೆಗಳು, ಕಾಂಡದ ಮೇಲೆ ಬೆಳಕು ಜಾರುವ ಬಗೆ ಎಲ್ಲವನ್ನೂ ಬಿಡಿಸಿಕೊಂಡು ಬಂದೆ. ನೆಟ್ಟಗಿನ ಆ ಕಾಂಡವನ್ನು ಹಾಳೆಯ ನಡುವೆ ನಿಲ್ಲಿಸಿ, ಹದಿನೈದು ಅಡಿ ಎತ್ತರದಲ್ಲಿ ಮೊಸಳೆಯನ್ನು ತಬ್ಬಿಸಿದೆ. ಕೆಳಗೆ ಮಂಜು, ಜರೀಗಿಡಗಳು, ಬೂದು ಬಣ್ಣದ ಒಂದು ಕಾಗು ಹಕ್ಕಿ. ಚಿತ್ರ ಚೆನ್ನಾಗಿಯೇ ಬಂದಿತ್ತು. ಅದನ್ನು ಈಗಲೂ ಹೇಳುತ್ತೇನೆ.

ಆ ಚಿತ್ರವನ್ನು ಗೌಡರು ನೋಡಿದ ರೀತಿಯನ್ನು ನಾನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದೇನೆ. ನೋಡಿದವರೆಲ್ಲ ಮೊದಲು ಮೊಸಳೆಯ ಮುಖವನ್ನು ನೋಡಿ, ಕಣ್ಣು ಚೆನ್ನಾಗಿದೆ ಎಂದು ಹೇಳಿ ಮುಂದಕ್ಕೆ ಹೋಗಿದ್ದರು. ಗೌಡರ ಕಣ್ಣು ಕಾಂಡದ ಬುಡದಿಂದ ಹೊರಟು ಮೇಲಕ್ಕೆ ಹೋಗಿ, ಹಿಂಗಾಲುಗಳ ಹತ್ತಿರ ನಿಂತು, ಅಲ್ಲಿಂದ ಮತ್ತೆ ಬುಡಕ್ಕೆ ಇಳಿಯಿತು. ಕಾಲಿಗೆ ತಳೆ ತೊಡಿಸಿ, ನಲವತ್ತು ವರ್ಷ ಅಡಿಕೆ ಮರ ಹತ್ತಿದ ಮನುಷ್ಯ ಅವರು. ಒಂದು ಮರ ಹತ್ತಿದರೆ ಪ್ರತಿ ಸಲವೂ ಇಳಿಯದೆ, ಪಕ್ಕದ ಮರವನ್ನು ಕೊಕ್ಕೆಯಿಂದ ಎಳೆದುಕೊಂಡು ದಾಟಿ, ಹತ್ತಾರು ಮರಗಳ ಕೊನೆ ಕೊಯ್ದು ನೇಣಿನ ಮೇಲೆ ಜಾರಿಸಿ ಕಳುಹಿಸಿದ ಮೇಲೆಯೇ ನೆಲಕ್ಕೆ ಬರುವ ಕಸುಬು ಅವರದು. ಹಿಂದೊಂದು ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದು ಇಳಿಯುವಾಗ, ಇನ್ನೆರಡು ಮಾರು ಇರುವಾಗ ಜಾರಿ ಬಿದ್ದರು. ಬಲಗಾಲಿನ ಹರಡು ಇಂದಿಗೂ ಪೂರ್ತಿ ಮಡಚುವುದಿಲ್ಲ. ಸಂಜೆ ಮತ್ತೆ ಮಾತು ತೆಗೆದಾಗ ಅವರು ಇನ್ನೊಂದೇ ವಾಕ್ಯ ಹೇಳಿದರು: "ಹತ್ತೂಕೆ ಎದೆ ಸಾಕು ತಂಗಿ, ಇಳಿಯೂಕೆ ಕಾಲು ಬೇಕು."

ಆ ರಾತ್ರಿ ನಾನು ಕಾಲುಗಳ ಬಗ್ಗೆಯೇ ಯೋಚಿಸಿದೆ. ನಮ್ಮ ತೋಟದಂಚಿನ ಕೆಂದಳಿಲು ಹಿಂಗಾಲಿನ ಪಾದವನ್ನೇ ಹಿಂದಕ್ಕೆ ತಿರುಗಿಸಿ, ಉಗುರುಗಳನ್ನು ತೊಗಟೆಗೆ ನೆಟ್ಟು, ತಲೆಕೆಳಗಾಗಿ ಇಳಿಯುತ್ತದೆ. ಮೊಸಳೆಗೆ ಆ ಪಾದವಿಲ್ಲ. ಮುಂಗಾಲಿನ ಐದು ಬೆರಳುಗಳಲ್ಲಿ ಮೂರಕ್ಕೆ, ಹಿಂಗಾಲಿನ ನಾಲ್ಕು ಬೆರಳುಗಳಲ್ಲಿ ಮೂರಕ್ಕೆ ಮಾತ್ರ ಉಗುರು. ಇಂದಿನ ಮೊಸಳೆಗಳೂ ಮರ ಹತ್ತುತ್ತವೆ ಎಂಬುದು ನನಗೆ ತಿಳಿದಿತ್ತು. ವ್ಲಾಡಿಮಿರ್ ಡೈನೆಟ್ಸ್ ಮತ್ತು ಸಂಗಡಿಗರು ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಕಂಡದ್ದನ್ನು 2014ರಲ್ಲಿ ಪ್ರಕಟಿಸಿದ್ದರು. ಮಧ್ಯ ಆಫ್ರಿಕಾದ ಒಂದು ಜಾತಿಯ ಎಳೆಯ ಮೊಸಳೆಗಳು ನೀರಿನಿಂದ ನಾಲ್ಕು ಮೀಟರ್ ಎತ್ತರದ ಕೊಂಬೆಗಳವರೆಗೂ ಹೋಗುತ್ತವೆಯಂತೆ. ಅದನ್ನು ಓದಿಯೇ ನಾನು ಧೈರ್ಯದಿಂದ ಬಿಡಿಸಿದ್ದು. ಈಗ ಮತ್ತೊಮ್ಮೆ ಓದಿದಾಗ, ಮೊದಲ ಸಲ ನಾನು ದಾಟಿಕೊಂಡು ಹೋಗಿದ್ದ ಸಂಗತಿ ಎದುರಿಗೇ ಇತ್ತು. ಆ ಮೊಸಳೆಗಳು ಹತ್ತುವುದು ನೀರಿನ ಮೇಲೆ ಬಾಗಿದ ಮರಗಳನ್ನು. ಯಾರಾದರೂ ಹತ್ತಿರ ಬಂದರೆ ಅವು ಇಳಿಯುವುದಿಲ್ಲ, ನೀರಿಗೆ ಬೀಳುತ್ತವೆ. ನೀರೇ ಅವುಗಳ ಇಳಿಯುವ ದಾರಿ. ನನ್ನ ಚಿತ್ರದ ಮರದ ಕೆಳಗೆ ನೀರಿರಲಿಲ್ಲ, ಕಲ್ಲಿತ್ತು. ನಾನು ಒಂದು ಪ್ರಾಣಿಯನ್ನು ಹದಿನೈದು ಅಡಿ ಮೇಲಕ್ಕೆ ಹತ್ತಿಸಿ, ಏಣಿಯನ್ನು ತೆಗೆದುಬಿಟ್ಟಿದ್ದೆ.

ಬೇರೆಯವರಿಗೆ ಇದು ಅತಿ ಎನಿಸೀತು. ಅಳಿದುಹೋದ ಪ್ರಾಣಿ ಇಳಿದರೇನು ಬಿಟ್ಟರೇನು ಎಂದು ನನ್ನ ತಮ್ಮ ಕೇಳಿಯೇ ಕೇಳಿದ. ಆದರೆ ಬರೆಯುವವರಿಗಿರುವ ಒಂದು ಅನುಕೂಲ ಬಿಡಿಸುವವರಿಗಿಲ್ಲ. ಕನ್ನಡದಲ್ಲಿ 'ಬಹುದು' ಎಂಬ ಮೂರಕ್ಷರವಿದೆ. ವಾಕ್ಯದ ಬಾಲಕ್ಕೆ ಅದನ್ನು ಕಟ್ಟಿದರೆ ಬರೆದವರ ಅನುಮಾನ ಓದುಗರಿಗೆ ಪ್ರಾಮಾಣಿಕವಾಗಿ ತಲುಪುತ್ತದೆ. ಕುಂಚಕ್ಕೆ 'ಬಹುದು' ಇಲ್ಲ. ಮರದ ಮೇಲೆ ಬಿಡಿಸಿದರೆ ಮರದ ಮೇಲಿತ್ತು ಎಂದೇ ಅರ್ಥ. ಪಠ್ಯದಲ್ಲಿ ಎಷ್ಟು ಎಚ್ಚರಿಕೆಯಿಂದ ಹತ್ತುತ್ತಿದ್ದಿರಬಹುದು ಎಂದು ಬರೆದಿದ್ದರೂ, ಎಂಟು ವರ್ಷದ ಮಗುವಿನ ಮನಸ್ಸಿನಲ್ಲಿ ಮೂವತ್ತು ವರ್ಷ ಉಳಿಯುವುದು ಚಿತ್ರವೇ. ಡೋಡೊ ಹಕ್ಕಿಗೆ ಆದದ್ದು ಇದೇ. ಹದಿನೇಳನೆಯ ಶತಮಾನದಲ್ಲಿ ರೂಲಾಂಟ್ ಸಾವರಿ ಬಿಡಿಸಿದ ಬೊಜ್ಜುಬೊಜ್ಜಾದ ಡೋಡೊವನ್ನೇ ಜಗತ್ತು ನಂಬಿತು. ಅದು ಅಷ್ಟು ದಪ್ಪಗಿರಲಿಲ್ಲವೆಂದು ಎಲುಬುಗಳನ್ನು ತೂಗಿ ಅಳೆದವರು ಹೇಳಿದರೂ ಜನರ ಕಣ್ಣಿನಲ್ಲಿ ಆ ಹಕ್ಕಿ ಇನ್ನೂ ತೆಳ್ಳಗಾಗಿಲ್ಲ. ಅದೇ ಕಾಲದಲ್ಲಿ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನದೆಂದು ಹೇಳಲಾಗುವ ಒಂದು ಡೋಡೊ ಚಿತ್ರವಿದೆ. ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಅದನ್ನು, ಜೀವಂತ ಹಕ್ಕಿಯನ್ನು ಕಂಡು ಬಿಡಿಸಿದ ಅತ್ಯಂತ ನಂಬಿಕಸ್ಥ ಚಿತ್ರಗಳಲ್ಲಿ ಒಂದೆಂದು ಪ್ರಾಣಿಶಾಸ್ತ್ರಜ್ಞರು ಎಣಿಸುತ್ತಾರೆ. ಅದರ ಅಚ್ಚುಪ್ರತಿಯೊಂದು ನನ್ನ ಮೇಜಿನ ಮುಂದಿದೆ. ಆ ಕಲಾವಿದನಿಗೆ ಹಕ್ಕಿಯೇ ಎದುರಿಗಿತ್ತು. ನನ್ನ ಎದುರಿಗಿರುವುದು ಬೇರೆ ಬೇರೆ ಮೊಸಳೆಗಳ ಬಿಡಿ ಎಲುಬುಗಳ ಛಾಯಾಚಿತ್ರಗಳು. ನ್ಯೂ ಕ್ಯಾಲಡೋನಿಯಾದ ಮುಖ್ಯ ದ್ವೀಪದ ಪಶ್ಚಿಮ ಕರಾವಳಿಯ ಪಿಂದೈ ಗುಹೆಗಳಲ್ಲಿಯೂ ಪೈನ್ ದ್ವೀಪದಲ್ಲಿಯೂ ಸಿಕ್ಕಿದವು. ಜೋಡಿಸಿ ನಿಲ್ಲಿಸಬಲ್ಲ ಒಂದು ಇಡೀ ಅಸ್ಥಿಪಂಜರ ಸಿಕ್ಕಿಲ್ಲ. ಅಷ್ಟು ಕಡಿಮೆ ಇರುವಾಗ ಇರುವುದಕ್ಕೆ ಇನ್ನೂ ಹೆಚ್ಚು ನಿಷ್ಠೆಯಿಂದಿರಬೇಕಾದವಳು ನಾನಲ್ಲವೇ?

ಇರುವುದೆಂದರೆ ಹಲ್ಲು. ಆ ಮೊಂಡು ಹಲ್ಲುಗಳನ್ನು ಮೂರು ದಿನದಿಂದ ನೋಡುತ್ತಿದ್ದೇನೆ. ನ್ಯೂ ಕ್ಯಾಲಡೋನಿಯಾದ ಕಾಡಿನ ತರಗೆಲೆಯಲ್ಲಿ ಪ್ಲಾಕೊಸ್ಟೈಲಸ್ ಎಂಬ ದೊಡ್ಡ ಬಸವನಹುಳುಗಳಿವೆ, ಅಂಗೈಯುದ್ದದ ಚಿಪ್ಪಿನವು. ಇಂದಿಗೂ ಪೈನ್ ದ್ವೀಪದ ಜನ ಅವನ್ನು ಹಿಡಿದು ಅಡುಗೆ ಮಾಡುತ್ತಾರೆ. ಬಾವಲಿಗಳನ್ನು ಬಿಟ್ಟರೆ ಸ್ಥಳೀಯ ಸಸ್ತನಿಯೇ ಇಲ್ಲದ ಆ ಕಾಡಿನಲ್ಲಿ, ಚಿಪ್ಪು ಜಜ್ಜಬಲ್ಲ ಹಲ್ಲಿನ ಪ್ರಾಣಿಗೆ ಊಟ ನೆಲದ ಮೇಲೆಯೇ ಬಿದ್ದಿತ್ತು. ಇನ್ನೊಂದು, ಮೊಸಳೆ ಮೊಟ್ಟೆಯಿಡುವ ಪ್ರಾಣಿ. ಎಷ್ಟೇ ಎತ್ತರಕ್ಕೆ ಹತ್ತಿದರೂ ತಾಯಿಯಾದವಳು ನೆಲಕ್ಕೆ ಬರಲೇಬೇಕು, ಗೂಡು ಮಾಡಲೇಬೇಕು.

ಅಳಿವು ಎದುರಾದದ್ದೂ ನೆಲದ ಮೇಲೆಯೇ. ಸುಮಾರು 3,000 ವರ್ಷಗಳ ಹಿಂದೆ ದೋಣಿಗಳಲ್ಲಿ ಬಂದ ಲಪಿತಾ ಜನ, ಅವರೊಡನೆ ಬಂದ ಇಲಿಗಳು, ಸುಟ್ಟು ತೆರವಾದ ಕಾಡು. ನೆರೆಯ ವನುವಾಟುವಿನ ಎಫಾಟೆ ದ್ವೀಪದಲ್ಲಿ ಇದರ ಸೋದರ ಜಾತಿಯೊಂದರ ಎಲುಬುಗಳು ಸಿಕ್ಕದ್ದು ಆ ಮೊದಲ ವಲಸಿಗರ ನೆಲೆಯ ಪದರದಲ್ಲಿ. ಆಸ್ಟ್ರೇಲಿಯಾದಲ್ಲಿ ಕೋಟ್ಯಂತರ ವರ್ಷ ಬಾಳಿದ ಒಂದು ವಂಶದ ಕಡೆಯ ಕುಡಿಗಳು ಈ ದ್ವೀಪಗಳಲ್ಲಿ ಉಳಿದುಕೊಂಡು, ಮನುಷ್ಯರನ್ನು ಕಣ್ಣಾರೆ ಕಂಡು, ಇಲ್ಲವಾದವು. ನ್ಯೂ ಕ್ಯಾಲಡೋನಿಯಾದ ಯಾರೋ ಒಬ್ಬಾಕೆ ಈ ಮೊಸಳೆಯನ್ನು ಮರದ ಮೇಲೋ ನೆಲದ ಮೇಲೋ ನೋಡಿಯೇ ಇದ್ದಾಳೆ. ಆಕೆಗೆ ಗೊತ್ತಿದ್ದ ಒಂದು ಸಂಗತಿಗಾಗಿ ನಾವು ಮುರಿದ ಎಲುಬುಗಳ ಮುಂದೆ ಕೂತಿದ್ದೇವೆ ಎಂಬುದನ್ನು ನೆನೆದರೆ, ನನಗೆ ಸಂಕಟವಾಗುತ್ತದೆ.

ಹೊಸ ಚಿತ್ರದಲ್ಲಿ ಅರೊಕೇರಿಯಾಗಳು ದೂರಕ್ಕೆ ಸರಿದು, ಹಿನ್ನೆಲೆಯ ಸಾಲಾಗಿವೆ. ಮುಂದೆ, ಗಾಳಿಗೆ ಬಿದ್ದು ಇನ್ನೊಂದು ಮರಕ್ಕೆ ಒರಗಿದ ದಪ್ಪ ಕಾಂಡ. ಒಂದು ತುದಿ ತರಗೆಲೆಯಲ್ಲಿ ಹೂತಿದೆ, ಇನ್ನೊಂದು ಎದೆಯೆತ್ತರಕ್ಕೆ ಏರಿದೆ. ಅದರ ಮೇಲೆ, ಬಿಸಿಲಿನ ಒಂದು ತುಂಡಿನಲ್ಲಿ, ಮೊಸಳೆ ಹೊಟ್ಟೆಯೂರಿ ಮಲಗಿದೆ. ಕಾಂಡದ ಉದ್ದಕ್ಕೂ ಅದರ ಉಗುರು ಗೀರಿದ ಗುರುತುಗಳನ್ನು, ಹಳೆಯವು ಕಪ್ಪಾಗಿ, ಹೊಸವು ಕೆಂಪಾಗಿ ಕಾಣುವಂತೆ ಒಂದೊಂದಾಗಿ ಎಳೆದೆ. ಅದು ಇದೇ ದಾರಿಯಲ್ಲಿ ದಿನವೂ ಹತ್ತಿ ಇಳಿಯುವ ಮನೆಯ ಮೆಟ್ಟಿಲು ಎನಿಸಬೇಕು. ಬುಡದಲ್ಲಿ ಒಡೆದ ಬಸವನಹುಳುವಿನ ಚಿಪ್ಪುಗಳಿವೆ. ಸಂಪಾದಕರಿಗೆ ಕರಡನ್ನು ಕಳುಹಿಸಿ, ಒಪ್ಪದಿದ್ದರೆ ಬೇರೆಯವರಿಂದ ಮಾಡಿಸಿಕೊಳ್ಳಬಹುದೆಂದು ಬರೆದೆ. ಅವರು ಒಂದು ದಿನ ಸುಮ್ಮನಿದ್ದು, "ಮರದ ಮೇಲೆ ಇದೆಯಲ್ಲ, ಸಾಕು" ಎಂದು ಒಪ್ಪಿಕೊಂಡರು.

ಇವತ್ತು ಬೆಳಿಗ್ಗೆ ಚಹಾದ ಹೊತ್ತಿಗೆ ಚಿತ್ರವನ್ನು ನಾನೇ ಜಗಲಿಗೆ ತಂದಿಟ್ಟೆ. ಗೌಡರು ಲೋಟವನ್ನು ಕೆಳಗಿಟ್ಟು, ಬಣ್ಣಕ್ಕೆ ತಾಗದಂತೆ ಬೆರಳನ್ನು ಗಾಳಿಯಲ್ಲೇ ಹಿಡಿದು, ಮೊಸಳೆಯ ಹಿಂಗಾಲಿನಿಂದ ಗೀರುಗಳ ಗುಂಟ ತರಗೆಲೆಯವರೆಗೆ ಇಳಿಸಿದರು. ತಲೆದೂಗಿದರು. ಆಮೇಲೆ ಬೆರಳು ಮತ್ತೆ ಮೇಲಕ್ಕೆ ಹೋಗಿ, ಹಿಂಗಾಲಿನ ಕೆಳಗೆ ನಾನು ಅಂದಕ್ಕಾಗಿ ತುಂಬಿದ್ದ ಹಸಿರು ಪಾಚಿಯ ಮೇಲೆ ನಿಂತಿತು.

"ಇದು ಇಲ್ಲಿ ಬ್ಯಾಡ ತಂಗಿ. ದಿನಾ ಕಾಲಿಡೋ ಜಾಗದಲ್ಲಿ ಪಾಚಿ ಎಲ್ಲಿಂದ ಬಂತು?"

ಒದ್ದೆ ಕುಂಚದಿಂದ ಆ ಹಸಿರನ್ನು ಎತ್ತುತ್ತಿದ್ದೇನೆ. ಒಂದು ಅಂಗುಲದಷ್ಟು ಹೋಗಿದೆ. ಕೆಳಗಿನ ತೊಗಟೆಯ ಕಂದು ಬಣ್ಣ ಕಾಣತೊಡಗಿದೆ.