ಚಿಕ್ಕಮ್ಮನ ಸರ, ನಮ್ಮೆಜಮಾನರ ಸೈಕಲ್

ಪ್ರತಿ ಸಲ ತುಮಕೂರಿಗೆ ಬಂದಾಗ, ಎಸ್.ಎಸ್. ಪುರಂನ ನಮ್ಮ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಅಲ್ಲಿ ಕಳ್ಳಕಾಕರ ಕಾಟ ಇಲ್ಲ ಅಲ್ವೇನಮ್ಮ? ಬಾಗಿಲು ಹಾಕದೇ ಮಲಗಬಹುದಂತೆ?" ನಾನು ಒಂಬತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಮೊದಮೊದಲು ನಕ್ಕು "ಹಾಗೇನಿಲ್ಲ ಅತ್ತೆ" ಅಂದು ಮಾತು ತೇಲಿಸುತ್ತಿದ್ದೆ. ಕಳೆದ ವರ್ಷ ಎರಡು ಕಳ್ಳತನ ಆದವು. ಒಂದು ಇಂಗ್ಲೆಂಡಿನ ನಮ್ಮ ಮನೆಯಲ್ಲಿ, ಇನ್ನೊಂದು ತುಮಕೂರಿನ ಅಶೋಕನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆ ಮುಂದೆ. ಅದಾದ ಮೇಲೆ ಈ ಪ್ರಶ್ನೆಗೆ ಸರಿಯಾಗಿ ಕೂತು ಉತ್ತರ ಬರೆಯಬೇಕು ಅನ್ನಿಸಿತು.

ನಾವಿರುವ ಊರು ರೆಡಿಂಗ್. ಲಂಡನ್ನಿಗೆ ಸುಮಾರು 65 ಕಿಲೋಮೀಟರ್. ತುಮಕೂರಿಗೂ ಬೆಂಗಳೂರಿಗೂ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಎದ್ದು ರೈಲು ಹಿಡಿದು ದೊಡ್ಡೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುವವರ ಊರು ಇದೂ ಕೂಡ. ನಮ್ಮ ಬಡಾವಣೆಯ ಹೆಸರು ಲೋಯರ್ ಅರ್ಲಿ. ಹೊಲಗದ್ದೆ ಇದ್ದ ಜಾಗದಲ್ಲಿ 1970ರ ದಶಕದ ಕೊನೆಯಿಂದ ಮನೆಗಳು ಎದ್ದವು. ಕೆಂಪು ಇಟ್ಟಿಗೆಯ ಒಂದೇ ತರದ ಮನೆಗಳು, ಹಿಂದೆ ಒಂದು ಚಿಕ್ಕ ತೋಟ, ಅದರ ಮೂಲೆಯಲ್ಲಿ ಮರದ ಶೆಡ್ಡು. ಕನ್ನಡದವರು, ತೆಲುಗಿನವರು, ಗುಜರಾತಿಗಳು ಸಾಕಷ್ಟು ಜನ ಇದ್ದೇವೆ.

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಆ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಹಸಿ ಹುಲ್ಲಿನ ಮೇಲೆ ಬೀಗ ಬಿದ್ದಿತ್ತು. ಅದರ ಕೊಂಡಿಯನ್ನು ಬೆಣ್ಣೆ ಕತ್ತರಿಸಿದ ಹಾಗೆ ನೀಟಾಗಿ ಕತ್ತರಿಸಿದ್ದರು. ನಮ್ಮೆಜಮಾನರು ದಿನಾ ಸ್ಟೇಷನ್ನಿಗೆ ಹೋಗುತ್ತಿದ್ದ ಸೈಕಲ್ ಇರಲಿಲ್ಲ. ಪಕ್ಕದಲ್ಲೇ ಇದ್ದ ಮಗಳ ಪುಟ್ಟ ಸೈಕಲ್ಲು, ಅಕ್ಕಿ ಮೂಟೆ, ಇಡ್ಲಿ ಪಾತ್ರೆ ಎಲ್ಲ ಹಾಗೇ ಇದ್ದವು. ಮಲಗುವ ಕೋಣೆಯ ಕಿಟಕಿಯಿಂದ ಹದಿನೈದು ಅಡಿ ದೂರ ಅಷ್ಟೇ. ನಾವು ಮಲಗಿದ್ದಾಗ ಯಾರೋ ಅಲ್ಲಿ ನಿಂತಿದ್ದರಲ್ಲ ಎನ್ನುವುದು ಸೈಕಲ್ ಹೋದದ್ದಕ್ಕಿಂತ ಜಾಸ್ತಿ ಕಾಡಿತು. ಒಂದು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತುರ್ತು ಇದ್ದರೆ ಇಲ್ಲಿ 999. ಅಷ್ಟು ತುರ್ತಿಲ್ಲದಿದ್ದರೆ 101, ಇಲ್ಲವೇ ಆನ್‌ಲೈನ್. ನಾವು ಆನ್‌ಲೈನಿನಲ್ಲಿ ದೂರು ಬರೆದೆವು, ಕೇಸಿನ ನಂಬರ್ ಬಂತು. ಸೈಕಲ್ ಮಾತ್ರ ಸಿಗಲಿಲ್ಲ. ಸಿಗುತ್ತದೆ ಅಂತ ನಾವೂ ಅಂದುಕೊಂಡಿರಲಿಲ್ಲ. ಎದುರು ಮನೆಯ ಅಜ್ಜಿ ತಮ್ಮ ಡೋರ್‌ಬೆಲ್ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿದೆಯಾ ಅಂತ ತಾವೇ ನೋಡಿ, ಮಫ್ಲರ್ ಸುತ್ತಿಕೊಂಡು ನಮ್ಮ ಮನೆವರೆಗೂ ಬಂದು, ಏನೂ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಂಡರು. ನಾಲ್ಕು ವರ್ಷದಿಂದ ದಿನಾ ಕೈಬೀಸುತ್ತಿದ್ದ ಆಕೆ ಬಾಗಿಲು ದಾಟಿ ಒಳಗೆ ಬಂದದ್ದು ಅವತ್ತೇ ಮೊದಲು.

ಆಮೇಲೆ ಒಂದು ಸಂಜೆ ನಾನು ಪೊಲೀಸರ ಅಪರಾಧ ನಕ್ಷೆ ತೆಗೆದು ನೋಡಿದೆ. ಇಂಗ್ಲೆಂಡಿನಲ್ಲಿ 2011ರಿಂದ ಇದೆ. ನಿಮ್ಮ ಮನೆಯ ಪಿನ್‌ಕೋಡ್ ಹಾಕಿದರೆ ಸುತ್ತಮುತ್ತಲ ಬೀದಿಗಳಲ್ಲಿ ಯಾವ ತಿಂಗಳು ಏನೇನು ಆಯಿತು ಅಂತ ತೋರಿಸುತ್ತದೆ. ಅಂಗಡಿ ಕಳ್ಳತನ, ಕಾರಿನ ಗಾಜು ಒಡೆದದ್ದು, ಹೊಡೆದಾಟ, ಬೀದಿಯಲ್ಲಿ ಗಲಾಟೆ, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಯಾರ ಮನೆ ಅಂತ ಗೊತ್ತಾಗದಿರಲಿ ಎಂದು ಜಾಗವನ್ನು ಸರಿಯಾಗಿ ತೋರಿಸದೆ 'ಈ ಬೀದಿಯಲ್ಲಿ ಅಥವಾ ಇದರ ಹತ್ತಿರ' ಅಂತ ಮಾತ್ರ ಹಾಕಿರುತ್ತಾರೆ. ಆ ತಿಂಗಳ ಲೆಕ್ಕ ಬಂದಾಗ ಒಳಗೆ ನುಗ್ಗಿ ಮಾಡಿದ ಕಳ್ಳತನ ಅನ್ನುವ ಕಡೆ ನಮ್ಮ ಬೀದಿಯ ಹತ್ತಿರ ಒಂದು ಅಂಕಿ ಇತ್ತು. ನಮ್ಮದೇ. ಹೋದ ಸೈಕಲ್ ಹೋಯಿತು, ಆದರೆ ಅದು ಹೋಯಿತು ಅನ್ನುವುದಾದರೂ ಒಂದು ಕಡೆ ದಾಖಲಾಯಿತಲ್ಲ ಅಂತ ಸಮಾಧಾನವಾಯಿತು.

ಅದೇ ನಕ್ಷೆಯನ್ನು ಇನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿದರೆ ಗಾಬರಿಯಾಗುತ್ತದೆ. ಊರ ನಡುವಿನ ಅಂಗಡಿ ಬೀದಿಯ ತುಂಬ ಅಂಕಿಗಳೇ. ಇಂಥ ಊರಲ್ಲಾ ನಾವಿರೋದು ಅನ್ನಿಸುತ್ತದೆ. ಇದನ್ನು ಅಮ್ಮನಿಗೆ ತೋರಿಸಿದ್ದರೆ ಮೊದಲ ವಿಮಾನಕ್ಕೆ ವಾಪಸ್ ಬಾ ಅನ್ನುತ್ತಿದ್ದರು.

ಹೆದರಿಸುವಂಥದ್ದು ನಿಜವಾಗಿಯೂ ನಡೆದಿದೆ. 2020ರ ಜೂನ್ 20ರ ಶನಿವಾರ ಸಂಜೆ, ಊರ ನಡುವಿನ ಫೋರ್ಬರಿ ಗಾರ್ಡನ್ಸ್‌ ಪಾರ್ಕಿನಲ್ಲಿ ಒಬ್ಬ ಚಾಕುವಿನಿಂದ ದಾಳಿ ಮಾಡಿ ಮೂವರು ಗೆಳೆಯರನ್ನು ಕೊಂದ. ಅವನಿಗೆ ಮರುವರ್ಷ ಜನವರಿಯಲ್ಲಿ ಸಾಯುವವರೆಗೂ ಜೈಲು ಎಂದು ಶಿಕ್ಷೆಯಾಯಿತು. ಲಾಕ್‌ಡೌನ್ ಸ್ವಲ್ಪ ಸಡಿಲವಾಗಿ ಜನ ಆಗಷ್ಟೇ ಪಾರ್ಕಿಗೆ ಬರಲು ಶುರು ಮಾಡಿದ್ದ ದಿನಗಳು ಅವು. ಅದೇ ಹುಲ್ಲಿನ ಮೇಲೆ ನಾವು ಮಗಳನ್ನು ಆಡಿಸಿದ್ದೆವು. ಈಗಲೂ ಆ ಕಡೆ ಹೋದಾಗ ಒಂದು ಕ್ಷಣ ನಿಲ್ಲುತ್ತೇನೆ. ಚಾಕುವಿನ ವಿಷಯದಲ್ಲಿ ಈ ದೇಶಕ್ಕೆ ಎಷ್ಟು ಕಳವಳ ಅಂದರೆ, ಈರುಳ್ಳಿ ಹೆಚ್ಚುವ ಚಾಕು ಕೊಳ್ಳುವುದಕ್ಕೂ 18 ವರ್ಷ ಆಗಿರಬೇಕು.

ಆದ್ದರಿಂದ, ಬಾಗಿಲು ಹಾಕದೇ ಮಲಗಬಹುದಾ ಅಂದರೆ, ಇಲ್ಲ. ನಾವೂ ಎರಡೆರಡು ಸಲ ನೋಡಿಯೇ ಮಲಗುತ್ತೇವೆ. ನಮ್ಮವರ ಮನೆಗಳಿಗೆ ಇನ್ನೊಂದು ಅಪಾಯ ಇದೆ, ಚಿನ್ನ. ಇಲ್ಲಿ ಬ್ಯಾಂಕ್ ಲಾಕರ್ ನಮ್ಮೂರಿನಷ್ಟು ಸುಲಭವಾಗಿ ಸಿಗುವುದಿಲ್ಲ. ಮದುವೆಯ ಒಡವೆ ಬೀರುವಿನಲ್ಲೇ ಇರುತ್ತದೆ. ಅದು ಕಳ್ಳರಿಗೂ ಗೊತ್ತು. ಭಾರತೀಯರು ಹೆಚ್ಚಿರುವ ಊರುಗಳಲ್ಲಿ ದೀಪಾವಳಿ ಹತ್ತಿರ ಬಂದಾಗ ಪೊಲೀಸರೇ ಎಚ್ಚರಿಕೆ ಕೊಡುತ್ತಾರೆ: ಒಡವೆಯ ಫೋಟೊ ತೆಗೆದಿಡಿ, ತೂಕ ಬರೆದಿಡಿ, ಹಬ್ಬಕ್ಕೆ ಹೊರಟ ಫೋಟೊ ಆಗಲೇ ಫೇಸ್‌ಬುಕ್ಕಿಗೆ ಹಾಕಬೇಡಿ. 2022ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 43 ಪೊಲೀಸ್ ಪಡೆಗಳೂ, ಕಳ್ಳರು ನುಗ್ಗಿದ ಪ್ರತಿ ಮನೆಗೂ ಖುದ್ದಾಗಿ ಹೋಗುತ್ತೇವೆ ಎಂದು ಮಾತು ಕೊಟ್ಟವು. ಅಂಥ ಮಾತು ಕೊಡಬೇಕಾಗಿ ಬಂತು ಅಂದರೆ ಅದಕ್ಕೆ ಮೊದಲು ಜನರಿಗೆ ಎಷ್ಟು ಬೇಸರ ಆಗಿತ್ತು ಅಂತ ನೀವೇ ಊಹಿಸಿ.

ಈಗ ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ.

ಕಾರ್ತಿಕ ಮಾಸ. ತುಮಕೂರಿನಲ್ಲಿ ಬೆಳಿಗ್ಗೆ ಆರೂಕಾಲು, ನನಗಿಲ್ಲಿ ರಾತ್ರಿ ಹನ್ನೆರಡು ಮುಕ್ಕಾಲು. ಚಿಕ್ಕಮ್ಮ ಹೊಸ್ತಿಲಿಗೆ ದೀಪ ಇಟ್ಟು, ಅಂಗಳಕ್ಕೆ ನೀರು ಹಾಕಿ, ಬಗ್ಗಿ ರಂಗೋಲಿ ಬಿಡುತ್ತಿದ್ದರು. ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಇಳಿದು "ಅಮ್ಮಾ, ಗುಬ್ಬಿ ಗೇಟ್‌ಗೆ ಹೀಗೆ ಹೋಗಬಹುದಾ?" ಅಂತ ಕೇಳಿದ. ಚಿಕ್ಕಮ್ಮ ತಲೆ ಎತ್ತಿ, ರಂಗೋಲಿ ಪುಡಿ ಇದ್ದ ಕೈಯಿಂದಲೇ ದಾರಿ ತೋರಿಸಿದರು. ಅಷ್ಟರಲ್ಲಿ ಕುತ್ತಿಗೆಗೆ ಕೈ ಹಾಕಿದ. ಚಿಕ್ಕಮ್ಮ ಸರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅರ್ಧ ಅವನ ಪಾಲಾಯಿತು, ಅರ್ಧ ಚಿಕ್ಕಮ್ಮನ ಮುಷ್ಟಿಯಲ್ಲಿ ಉಳಿಯಿತು. ತಾಳಿ ಇವರ ಕಡೆಯ ಅರ್ಧದಲ್ಲಿತ್ತು. ಕುತ್ತಿಗೆಯ ಮೇಲೆ ಬರೆ ಎಳೆದ ಹಾಗೆ ಕೆಂಪಗೆ ಗೀರು.

ವಿಡಿಯೊ ಕಾಲ್‌ನಲ್ಲಿ ಆ ಗೀರು ನೋಡಿ ನನಗೆ ಅಳು ಬಂತು. ಚಿಕ್ಕಮ್ಮ ಅಳಲಿಲ್ಲ. "ತಾಳಿ ಉಳೀತು ಕಣೇ, ಅದೇ ದೇವರು ಕೊಟ್ಟಿದ್ದು. ಹೋದದ್ದು ಹೋಗ್ಲಿ ಬಿಡು" ಅಂದರು. "ಕಂಪ್ಲೇಂಟ್ ಕೊಟ್ರಾ?" ಅಂದೆ. ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪ ಹೇಳಿದರು, "ಸ್ಟೇಷನ್ನು ಗೀಷನ್ನು ಅಂತ ಹೆಂಗಸರನ್ನ ಯಾಕಮ್ಮ ಅಲೆದಾಡಿಸೋದು? ಊರಿಗೆಲ್ಲ ಗೊತ್ತಾಗುತ್ತೆ. ಮನೇಲಿ ಇನ್ನೂ ಚಿನ್ನ ಇದೆ ಅಂತ ನಾವೇ ಹೇಳಿದ ಹಾಗಾಗುತ್ತೆ."

ನನ್ನ ಸಿಟ್ಟು ನೆತ್ತಿಗೇರಿತು. ಚಿಕ್ಕಪ್ಪನ ಮೇಲಲ್ಲ. ಸಾವಿರಾರು ರೂಪಾಯಿಯ ಸೈಕಲ್ ಹೋಗಿದ್ದಕ್ಕೆ ನಾನು ಹತ್ತು ನಿಮಿಷದಲ್ಲಿ ದೂರು ಬರೆದಿದ್ದೆ. ಚಿಕ್ಕಮ್ಮನ ಮೈಮೇಲೆ ಕೈ ಹಾಕಿ, ಗಾಯ ಮಾಡಿ, ಲಕ್ಷಗಟ್ಟಲೆ ಬೆಲೆಯ ಒಡವೆ ಕಿತ್ತುಕೊಂಡು ಹೋಗಿದ್ದಾರೆ. ಅದು ಎಲ್ಲೂ ದಾಖಲಾಗದೆ ಮುಚ್ಚಿಹೋಗಬೇಕಾ?

ಆ ರಾತ್ರಿ ನನಗೆ ಹೊಳೆದದ್ದು ಇದು. ರೆಡಿಂಗ್ ನಕ್ಷೆಯ ತುಂಬ ಅಂಕಿ, ನಮ್ಮ ಅಶೋಕನಗರದ ಹೆಸರಿನಲ್ಲಿ ಏನೂ ಇಲ್ಲ. ಹಾಗಂತ ಅಶೋಕನಗರದಲ್ಲಿ ಏನೂ ಆಗಿಲ್ಲ ಅಂತಲ್ಲ. ಲೆಕ್ಕಕ್ಕೆ ಬಂದದ್ದು ಮಾತ್ರ ಲೆಕ್ಕ. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ವರದಿಯಲ್ಲೂ ಇರುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳಷ್ಟೇ. ಕೇರಳದ ಅಪರಾಧ ದರ ಅದರಲ್ಲಿ ಬಹಳ ಮೇಲಿರುತ್ತದೆ. ಅಲ್ಲಿ ಜನ ದೂರು ಕೊಡುತ್ತಾರೆ, ಪೊಲೀಸರು ದಾಖಲು ಮಾಡುತ್ತಾರೆ, ಅದೂ ಒಂದು ಕಾರಣ. ಇಂಗ್ಲೆಂಡಿನವರು ಇದಕ್ಕಾಗಿಯೇ ಇನ್ನೊಂದು ಸಮೀಕ್ಷೆ ಮಾಡುತ್ತಾರೆ. ಮನೆಮನೆಗೆ ಹೋಗಿ, ನಿಮಗೆ ಕಳೆದ ಒಂದು ವರ್ಷದಲ್ಲಿ ಏನಾಯಿತು, ಪೊಲೀಸರಿಗೆ ಹೇಳಿದಿರಾ ಇಲ್ಲವಾ ಅಂತ ಕೇಳುತ್ತಾರೆ. ಪೊಲೀಸರ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. 1980ರ ದಶಕದ ಆರಂಭದಿಂದ ನಡೆಯುತ್ತಿರುವ ಆ ಸಮೀಕ್ಷೆಯ ಪ್ರಕಾರ ಇಲ್ಲಿ ಅಪರಾಧ ಅತಿ ಹೆಚ್ಚಿದ್ದದ್ದು 1995ರಲ್ಲಿ. ಆಮೇಲೆ ಕಳ್ಳತನ, ಹೊಡೆದಾಟ ಎರಡೂ ಬಹಳ ಇಳಿದಿವೆ. ಟಿವಿ ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ.

ಮರುದಿನ ಚಿಕ್ಕಪ್ಪನಿಗೆ ಮತ್ತೆ ಫೋನ್ ಮಾಡಿದೆ. ಗೆಳತಿಯೊಬ್ಬಳು ತುಮಕೂರಿನಲ್ಲೇ ವಕೀಲೆ. ಅವಳನ್ನು ಕೇಳಿ ತಿಳಿದುಕೊಂಡದ್ದನ್ನೆಲ್ಲ ಹೇಳಿದೆ. ಸರ ಕಿತ್ತುಕೊಳ್ಳುವುದಕ್ಕೆ ಹಳೆಯ ಕಾನೂನಿನಲ್ಲಿ ಪ್ರತ್ಯೇಕ ಸೆಕ್ಷನ್ ಇರಲಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೆ, ಸೆಕ್ಷನ್ 304. ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಿದರೆ ಸಾಕು. ಯಾವ ಠಾಣೆಯ ವ್ಯಾಪ್ತಿ ಅಂತ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಯಾವ ಠಾಣೆಯಲ್ಲಾದರೂ ತೆಗೆದುಕೊಳ್ಳಲೇಬೇಕು. ಎಫ್‌ಐಆರ್‌ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಇಂಥ ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್‌ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ಸೆಕ್ಷನ್ ನಂಬರ್ ಕೇಳಿದ ಮೇಲೆ ಧ್ವನಿ ಸ್ವಲ್ಪ ಬದಲಾಯಿತು. "ಬರ್ಕೋತೀನಿ ಇರು, ಪೆನ್ನು ತರ್ತೀನಿ" ಅಂದರು.

ಇಬ್ಬರೂ ಹೋದರು. ಚಿಕ್ಕಮ್ಮನಿಗೆ ಕುರ್ಚಿ ಕೊಟ್ಟು ಕೂರಿಸಿ, ಒಬ್ಬ ಮಹಿಳಾ ಪೇದೆ ಎಲ್ಲ ಕೇಳಿ ಬರೆದುಕೊಂಡರಂತೆ. ಉಳಿದ ಅರ್ಧ ಸರದ ಫೋಟೊ ತೆಗೆದು ವಾಪಸ್ ಕೊಟ್ಟರಂತೆ. ಮೂಲೆ ಅಂಗಡಿಯ ಸಿಸಿಟಿವಿಯಲ್ಲಿ ಬೈಕು ಸಿಕ್ಕಿತು, ನಂಬರ್ ಪ್ಲೇಟು ಸಿಗಲಿಲ್ಲ.

ನಾನು ಎಂದೂ ಮರೆಯದ ಮಾತು ಇದರ ನಂತರದ್ದು. ಪೊಲೀಸರು ಬೀದಿಗೆ ಬಂದು ವಿಚಾರಿಸಿದ ಸಂಜೆ, ಹಿಂದಿನ ಕ್ರಾಸಿನ ಇಬ್ಬರು ಹೆಂಗಸರು ಚಿಕ್ಕಮ್ಮನ ಮನೆಗೆ ಬಂದರಂತೆ. ಅವರ ಸರಗಳೂ ಹೋಗಿದ್ದವು, ಒಬ್ಬರದು ಶ್ರಾವಣದಲ್ಲಿ, ಇನ್ನೊಬ್ಬರದು ಗೌರಿಹಬ್ಬದ ಹಿಂದಿನ ದಿನ. ಅದೇ ರೀತಿ, ಬೈಕು, ದಾರಿ ಕೇಳುವ ನೆಪ. ಇಬ್ಬರೂ ಮನೆಯವರ ಮಾತು ಕೇಳಿ ಸುಮ್ನಿದ್ದುಬಿಟ್ಟಿದ್ದರು. ಒಬ್ಬರಂತೂ ಗಂಡನಿಗೂ ಹೇಳದೆ, ಸರ ಅಡವಿಟ್ಟಿದ್ದೇನೆ ಅಂತ ಸುಳ್ಳು ಹೇಳಿದ್ದರಂತೆ. ಶ್ರಾವಣದಲ್ಲಿ ಮೊದಲನೆಯವರು ಬಾಯಿಬಿಟ್ಟಿದ್ದರೆ ಬೀದಿಯವರೆಲ್ಲ ಎಚ್ಚರ ಆಗಿರುತ್ತಿದ್ದರು. ಕಾರ್ತಿಕದ ಆ ನಸುಕಿನಲ್ಲಿ ಚಿಕ್ಕಮ್ಮ ಒಬ್ಬರೇ ಬಗ್ಗಿ ಕೂರುತ್ತಿರಲಿಲ್ಲ. ನಾನು ಅವರನ್ನು ಬೈಯುತ್ತಿಲ್ಲ. ಆ ಸಂಕೋಚ ನಮ್ಮೆಲ್ಲರ ಮನೆಯಲ್ಲೂ ಇದೆ. ಆದರೆ ಅದರ ಲಾಭ ಆಗುತ್ತಿರುವುದು ಬೈಕಿನಲ್ಲಿ ಬಂದವರಿಗೆ.

ನಾನು ಚಿಕ್ಕವಳಿದ್ದಾಗ ಅದೇ ಬೀದಿಯಲ್ಲಿ ಹೊಸಬ ಬಂದರೆ ನಾಲ್ಕು ಮನೆಯಿಂದ "ಯಾರು ಬೇಕಿತ್ತು?" ಅಂತ ಕೇಳುತ್ತಿದ್ದರು. ಜಗಲಿಯ ಮೇಲೆ ಯಾರಾದರೂ ಹೂ ಕಟ್ಟುತ್ತಲೋ ಅವರೆ ಬಿಡಿಸುತ್ತಲೋ ಕೂತೇ ಇರುತ್ತಿದ್ದರು. ಈಗ ಎತ್ತರದ ಕಾಂಪೌಂಡು, ಒಳಗೆ ಗ್ರಿಲ್ಲು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ನನ್ನ ಹಾಗೆ ಇನ್ನೂ ದೂರದಲ್ಲಿ. ಎರಡು ಮನೆಗೆ ಒಂದು ಮನೆಯಲ್ಲಿ ವಯಸ್ಸಾದವರಷ್ಟೇ. ನಾವು ಬಿಟ್ಟುಬಂದ ಜಾಗ ಹಾಗೇ ಖಾಲಿ ಉಳಿದಿದೆ. ಇದನ್ನು ಬರೆಯುವಾಗ ನನ್ನ ಎದೆ ಭಾರವಾಗುತ್ತದೆ.

ಇಂಗ್ಲೆಂಡಿನಲ್ಲಿ ನೆರೆಹೊರೆಯ ಕಣ್ಣನ್ನು ಒಂದು ವ್ಯವಸ್ಥೆಯಾಗಿ ಕಟ್ಟಿಕೊಂಡಿದ್ದಾರೆ. ನೈಬರ್‌ಹುಡ್ ವಾಚ್ ಅಂತ ಹೆಸರು, 1982ರಲ್ಲಿ ಚೆಷರ್‌ನ ಮೊಲಿಂಗ್ಟನ್ ಅನ್ನುವ ಹಳ್ಳಿಯಲ್ಲಿ ಶುರುವಾದದ್ದು. ನಮ್ಮ ಬಡಾವಣೆಯ ದೀಪದ ಕಂಬಗಳ ಮೇಲೂ ಅದರ ಹಳದಿ ಚೀಟಿ ಇದೆ. ನಮ್ಮ ಕಡೆ 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಆಗ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ ನಮ್ಮ ಜಿಲ್ಲೆಯ ಕೊರಟಗೆರೆಯಿಂದ ಗೆದ್ದವರು. ಬೀಟ್ ಪೊಲೀಸರೇ ಮನೆಗೆ ಬಂದು ಮಾತಾಡಿಸುವ ಯೋಜನೆ ಅದು. ಯಾರಾದರೂ ಬಂದರೆ ಬಾಗಿಲಲ್ಲೇ ಮಾತು ಮುಗಿಸಬೇಡಿ ಅಂತ ನನ್ನ ಕೋರಿಕೆ. ಕೂರಿಸಿ, ನೀರು ಕೊಡಿ, ನಂಬರ್ ಬರೆದುಕೊಳ್ಳಿ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದಾರೆ ಅಂತ ಹೇಳಿ. ತುರ್ತಿಗೆ 112 ಅಂತ ಅಜ್ಜಿ ತಾತನ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಕೊಡಿ. ಹೊರದೇಶದಲ್ಲಿರುವವರು ಇದನ್ನು ಫೋನಿನಲ್ಲೇ ಮಾಡಿಸಬಹುದು, ನಾನು ಮಾಡಿಸಿದ್ದೇನೆ.

ಕಳೆದ ಭಾನುವಾರ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ಈಗ ರಂಗೋಲಿ ಬಿಡುವುದು ಚೆನ್ನಾಗಿ ಬೆಳಕಾದ ಮೇಲೆ, ಎದುರು ಮನೆಯವರೂ ಆಚೆ ಬಂದ ಮೇಲೆ. ಇಬ್ಬರೂ ಒಂದೇ ಹೊತ್ತಿಗೆ ಬಾಗಿಲು ತೆಗೆಯುತ್ತಾರಂತೆ. ಹಿಂದಿನ ಕ್ರಾಸಿನ ಇಬ್ಬರೂ ದೂರು ಕೊಟ್ಟಾಗಿದೆ. ತಾಳಿ ಈಗ ಅರಿಶಿನ ದಾರದಲ್ಲಿದೆ. ಅರ್ಧ ಸರವನ್ನು ಕುಂಕುಮದ ಡಬ್ಬಿಯಲ್ಲಿ ಸುತ್ತಿಟ್ಟಿದ್ದಾರೆ. ಅಕ್ಕಸಾಲಿಗರ ಹತ್ತಿರ ಕೊಟ್ಟು ಜೋಡಿಸಿಕೊಳ್ಳಿ, ದುಡ್ಡು ನಾನು ಕಳಿಸುತ್ತೇನೆ ಅಂದೆ. "ಬೇಡ ಕಣೇ, ಕೇಸು ನಡೀತಾ ಇದೆ. ಇನ್ನರ್ಧ ಸಿಕ್ಕಿದರೆ ಎರಡನ್ನೂ ಸೇರಿಸಿಯೇ ಮಾಡಿಸ್ತೀನಿ" ಅಂದರು.