ಸೀದುಹೋದ ಒಗ್ಗರಣೆ ಮತ್ತು ಎದುರುಮನೆ ಅಜ್ಜಿ

ಸ್ಪೇನಿನ ಸೆವಿಲ್‌ಗೆ ಬಂದ ಹೊಸದರಲ್ಲಿ ಅಂಗಡಿಯಿಂದ ಒಂದು ಪುಟ್ಟ ತಗಡಿನ ಡಬ್ಬಿ ತಂದಿದ್ದೆ. ಮೇಲೆ 'ಪಿಮೆಂತೋನ್' ಅಂತ ಬರೆದಿತ್ತು. ಮುಚ್ಚಳ ತೆಗೆದರೆ ಅಚ್ಚುಕೆಂಪು ಪುಡಿ. ನಾನು ಹಾವೇರಿ ಕಡೆಯವಳು, ಕೆಂಪು ಪುಡಿ ಕಂಡರೆ ಕೈ ಸುಮ್ನೆ ಇರುತ್ತಾ? ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಒಂದು ಚಮಚ ಸುರಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಡಿ ಕಪ್ಪಾಯಿತು. ಸಾರೆಲ್ಲ ಕಹಿ.

ಸೀದ ವಾಸನೆಗೆ ಎದುರುಮನೆ ಅಜ್ಜಿ ಬಂದು ಬಾಗಿಲು ತಟ್ಟಿದರು. ಬಾಣಲೆ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ಮಗಳೇ, ಮೊದಲು ಒಲೆಯಿಂದ ಇಳಿಸು, ಆಮೇಲೆ ಪಿಮೆಂತೋನ್!" ಪಿಮೆಂತೋನ್ ಅಂದರೆ ಇಲ್ಲಿನ ಮೆಣಸಿನಕಾಯಿ ಪುಡಿ. ಈ ಮೆಣಸಿನಕಾಯಲ್ಲಿ ಸಕ್ಕರೆಯ ಅಂಶ ಜಾಸ್ತಿ, ಅದಕ್ಕೇ ಬೇಗ ಸೀಯುತ್ತದೆ. ಅವತ್ತಿನಿಂದ ಅವರೇ ನನ್ನ ಅಡುಗೆ ಗುರು.

ಬಾರಿನಲ್ಲಿ ನಿಂತುಕೊಂಡೇ ತಿನ್ನುವ ಪುಟ್ಟ ತಟ್ಟೆಯ ತಿಂಡಿಗಳಿಗೆ ಇಲ್ಲಿ ತಾಪಾಸ್ ಅನ್ನುತ್ತಾರೆ. ಅವುಗಳ ಸಾಮಾನು ನೋಡಿದರೆ ಬೆರಳೆಣಿಕೆಯಷ್ಟೇ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ವಿನಿಗರ್, ಉಪ್ಪು ಹಾಕಿದ ಮೀನು, ಹಂದಿಯ ಒಣ ತೊಡೆಮಾಂಸ 'ಹಾಮೋನ್'. ಆದರೆ ನನಗೆ ಹುಚ್ಚು ಹಿಡಿಸಿದ್ದು ಈ ಪುಡಿಯೇ.

ಇದರಲ್ಲಿ ಹೆಸರುವಾಸಿಯಾದದ್ದು ಪೋರ್ಚುಗಲ್ ಗಡಿಯ ಎಕ್ಸ್ತ್ರೆಮದೂರಾ ಸೀಮೆಯ ಲಾ ವೇರಾದ್ದು. ಅಲ್ಲಿ ಕಾಯಿ ಹಣ್ಣಾಗುವ ಹೊತ್ತಿಗೆ ಮಳೆ ಶುರು. ಬಿಸಿಲಿಗೆ ಹರಡಿದರೆ ಬೂಸ್ಟೇ ಗತಿ. ಹಾಗಾಗಿ ಅಟ್ಟದ ಮೇಲೆ ಕಾಯಿ ಹರಡಿ, ಕೆಳಗೆ ಓಕ್ ಸೌದೆ ಉರಿಸುತ್ತಾರೆ. ಹತ್ತು ಹದಿನೈದು ದಿನ ಹೊಗೆ. ದಿನಾ ಕೈಯಿಂದ ತಿರುವಿ ಹಾಕಬೇಕು. ನಮ್ಮ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಉಪ್ಪಾಗೆ ಸಿಪ್ಪೆಯನ್ನು ಹೊಗೆಗೆ ಒಣಗಿಸುತ್ತಾರಲ್ಲ, ಅದೇ ಉಪಾಯ. ಪುಡಿಯಲ್ಲಿ ಸಿಹಿ, ನಡುವಿನದು, ಖಾರ ಅಂತ ಮೂರು ಬಗೆ. ಆ ಖಾರದ್ದೂ ನಮ್ಮ ನಾಲಿಗೆಗೆ ಏನೂ ಅಲ್ಲ ಬಿಡಿ.

ಮೆಣಸಿನಕಾಯಿಯನ್ನು ಅಮೆರಿಕದಿಂದ ಈ ದೇಶಕ್ಕೆ ತಂದದ್ದು ಕೊಲಂಬಸ್. ಅವನ ಗೋರಿ ಇದೇ ಊರಿನ ದೊಡ್ಡ ಚರ್ಚಿನಲ್ಲಿದೆ. ನಮ್ಮ ಕಡೆಗೆ ಅದನ್ನು ಮುಟ್ಟಿಸಿದವರು ಪೋರ್ಚುಗೀಸರು. ಆ ಗೋರಿ ಮುಂದೆ ನಿಂತಾಗ ನನಗೆ ನೆನಪಾದದ್ದು ಮಿರ್ಚಿ ಬಜ್ಜಿ.

ಆಲಿವ್ ಎಣ್ಣೆ ಅಂದರೆ ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗುವ, ಮಗುವಿಗೆ ಹಚ್ಚುವ ಪುಟ್ಟ ಬಾಟಲಿ ಅಂದುಕೊಂಡಿದ್ದವಳು ನಾನು. ಇಲ್ಲಿ ಐದು ಲೀಟರ್ ಕ್ಯಾನ್ ಹೊತ್ತು ಬರುತ್ತಾರೆ, ಕರಿಯುವುದೂ ಅದರಲ್ಲೇ! ಎಣ್ಣೆಗೆ ಅವರು 'ಅಸೈತೆ' ಅನ್ನುತ್ತಾರೆ. ಕೇಸರಿಗೆ 'ಅಸಾಫ್ರಾನ್'. ಎರಡೂ ಅರಬ್ಬಿಯಿಂದ ಬಂದ ಮಾತು. 711ರಲ್ಲಿ ಸ್ಪೇನಿಗೆ ಕಾಲಿಟ್ಟ ಮುಸ್ಲಿಮರ ಆಳ್ವಿಕೆ ಈ ಊರಿನಲ್ಲಿ 1248ರವರೆಗೂ ಇತ್ತು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಒಂದು ಬಾರಿನಲ್ಲಿ "ಮಾಂಸ ಬೇಡ" ಅಂದೆ. ತಂದಿಟ್ಟ ತರಕಾರಿ ಮೇಲೆ ಹಾಮೋನ್ ಚೂರು. ಕೇಳಿದರೆ, "ಅದು ಮಾಂಸ ಅಲ್ಲ, ಹಾಮೋನ್" ಅಂದ ಪುಣ್ಯಾತ್ಮ.

ನನ್ನನ್ನು ಕಾಪಾಡಿದ್ದು ಪಾಲಕ್ ಮತ್ತು ಕಾಬೂಲಿ ಕಡಲೆಯ ತಾಪಾ. ಸೆವಿಲ್‌ನ ಹೆಮ್ಮೆಯ ತಿಂಡಿ ಅದು. ಅಜ್ಜಿ ಮಾಡುವ ರೀತಿ ಹೀಗೆ: ಹಳೇ ಬ್ರೆಡ್ಡಿನ ತುಂಡು, ಬೆಳ್ಳುಳ್ಳಿ ಎರಡನ್ನೂ ಆಲಿವ್ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿಯುತ್ತಾರೆ. ಕುಟ್ಟಾಣಿಗೆ ಹಾಕಿ ಜೀರಿಗೆ, ಒಂಚೂರು ವಿನಿಗರ್ ಸೇರಿಸಿ ಕುಟ್ಟುತ್ತಾರೆ. ಬಾಣಲೆ ಕೆಳಗಿಳಿಸಿ, ಉಳಿದ ಎಣ್ಣೆಗೆ ಪಿಮೆಂತೋನ್. ಆಮೇಲೆ ಬೆಂದ ಪಾಲಕ್, ಕಡಲೆ, ಕುಟ್ಟಿದ ಮಸಾಲೆ ಎಲ್ಲ ಬೆರೆಸಿ ಮತ್ತೆ ಸಣ್ಣ ಉರಿಗೆ. ಬ್ರೆಡ್ಡಿನಿಂದಾಗಿ ಗೊಜ್ಜು ಗಟ್ಟಿಯಾಗುತ್ತದೆ. ಜೀರಿಗೆಯ ವಾಸನೆ ಮೂಗಿಗೆ ಬಡಿದಾಗ ಅಮ್ಮನ ಅಡುಗೆಮನೆಯಲ್ಲೇ ನಿಂತ ಹಾಗಾಯಿತು.

ಹೋದ ಸಲ ಊರಿಂದ ಬರುವಾಗ ಅಜ್ಜಿಗೆ ಬ್ಯಾಡಗಿ ಮೆಣಸಿನಕಾಯಿ ಪುಡಿ ತಂದುಕೊಟ್ಟೆ. ಬಣ್ಣ ನೋಡಿ ಕಣ್ಣರಳಿಸಿದರು. ಬೆರಳಿಗೆ ಒಂಚೂರು ತಾಕಿಸಿಕೊಂಡು ನೆಕ್ಕಿದರು. ಡಬ್ಬಿ ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದು, ನನ್ನ ಮುಖ ನೋಡಿ ಕೇಳಿದರು:

"ಎಲ್ಲಾ ಸರಿ ಮಗಳೇ, ಹೊಗೆ ಎಲ್ಲಿ?"