ಹಂದಿಗೆ ಯಾವ ನಾಯಿ?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಮರಗೆಣಸು ನೆಟ್ಟವರು ನಾಲ್ಕು ಜನ ಸೇರಿದರೆ ಇದೇ ಮಾತು: ತೋಟ ಅಗೆಯುವ ಕಾಡುಹಂದಿಗೆ ಯಾವ ಜಾತಿಯ ನಾಯಿ ಸಾಕಬೇಕು?

ಅಮೆರಿಕದಲ್ಲಿ ನಾಯಿ ಬಿಟ್ಟು ಹಂದಿ ಹಿಡಿಯುವ ಕೆಲಸ ಎರಡು ಪಾಲು. ಕೆಟಹೂಲ, ಬ್ಲ್ಯಾಕ್ ಮೌತ್ ಕರ್, ಪ್ಲಾಟ್ ಹೌಂಡ್ ಜಾತಿಯ ನಾಯಿಗಳು ಹಂದಿಯನ್ನು ಹುಡುಕಿ, ತಡೆದು ನಿಲ್ಲಿಸಿ ಬೊಗಳುತ್ತವೆ. ಆಮೇಲೆ ಬಿಡುವ ಅಮೆರಿಕನ್ ಬುಲ್‌ಡಾಗ್ ಕಿವಿ ಕಚ್ಚಿ ಹಿಡಿಯುತ್ತದೆ. ಅದಕ್ಕೆ ಎದೆ, ಹೊಟ್ಟೆ ಮುಚ್ಚುವ ದಪ್ಪ ಕವಚ, ಅಗಲದ ಕಾಲರ್ ಇಲ್ಲದಿದ್ದರೆ ಕಥೆ ಮುಗಿಯಿತು. ಗಂಡು ಹಂದಿಯ ಕೆಳಗಿನ ಕೋರೆ ಮೇಲಿನದಕ್ಕೆ ಉಜ್ಜಿ ಉಜ್ಜಿ ಕತ್ತಿಯಂತಾಗಿರುತ್ತದೆ. ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ಹೊರಗೆ ಕಾಣುವುದು ಒಂದಿಂಚು ಗಾಯ, ಒಳಗೆ ಚರ್ಮ ಬಿಟ್ಟುಕೊಂಡು ಜೇಬಿನಂತಾಗಿ ಕೀವು ತುಂಬುತ್ತದೆ. ಅರಸಿನ ಮೆತ್ತಿ ಗಾಯದ ಬಾಯಿ ಮುಚ್ಚಿದರೆ ಇನ್ನೂ ಕಷ್ಟ.

ತಮಿಳುನಾಡಿನ ರಾಜಪಾಳಯಂ, ಕೊಂಬೈ ಹಂದಿಬೇಟೆಗೇ ಹೆಸರಾದವು. ಮುಧೋಳ, ಚಿಪ್ಪಿಪಾರೈ ಕಣ್ಣಿಂದ ಕಂಡು ಓಡುವ ಜಾತಿ. ಬಯಲಲ್ಲಿ ಮೊಲಕ್ಕೆ ಸರಿ, ನಮ್ಮ ಪೊದೆಗುಡ್ಡೆಯಲ್ಲಿ ಹಂದಿ ಕಣ್ಣಿಗೆ ಬಿದ್ದರೆ ತಾನೆ!

ಅಷ್ಟಕ್ಕೂ ನಾಯಿ ಬಿಟ್ಟು ಬೇಟೆಯಾಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಕೇರಳದಲ್ಲಿ 2022ರಿಂದ ಪಂಚಾಯತು ಅಧ್ಯಕ್ಷರು ಅನುಮತಿ ಕೊಟ್ಟರೆ ಲೈಸೆನ್ಸ್ ಕೋವಿಯವರು ಹೊಡೆಯಬಹುದು. ನಾವು ಕೇಳುವುದು ಜಾತಿ, ತೋಟಕ್ಕೆ ಬೇಕಾದದ್ದು ಬೊಗಳಿ ಓಡಿಸುವ ಗಂಟಲು. ಊರುನಾಯಿಯೇ ಸಾಕು, ಆದರೆ ಎರಡಿರಲಿ. ಒಂಟಿಯಾದರೆ ಮರಿಯಿರುವ ಹೆಣ್ಣುಹಂದಿ ತಿರುಗಿ ಬಿದ್ದಾಗ ಬಾಲ ಮಡಚಿ ಜಗಲಿ ಸೇರುತ್ತದೆ. ಕಟ್ಟಿಹಾಕಿದ ನಾಯಿಯಂತೂ ನಾಲ್ಕು ದಿನದ ಮಾತು. ಹಂದಿ ಸರಪಳಿಯ ಉದ್ದ ಅಳೆದವರಂತೆ ಅದರಾಚೆಯ ಸಾಲಿನಿಂದಲೇ ಅಗೆಯಲು ಶುರುಮಾಡುತ್ತದೆ.